ಬರೆದವರಿಲ್ಲದ ಚರಿತ್ರೆ: 'ಡ್ವಾರ್ಫ್ ಫೋರ್ಟ್ರೆಸ್' ಆಟವನ್ನು ಪಠ್ಯವಾಗಿ ಓದುವುದು

'ಡ್ವಾರ್ಫ್ ಫೋರ್ಟ್ರೆಸ್' ಎಂಬ ಕಂಪ್ಯೂಟರ್ ಆಟದಲ್ಲಿ ಸತ್ತವರನ್ನು ಹೂಳದೆ ಬಿಟ್ಟರೆ ಅವರು ದೆವ್ವವಾಗಿ ಬರುತ್ತಾರೆ. ಕೋಟೆಯ ಓಣಿಗಳಲ್ಲಿ ಅಲೆಯುತ್ತಾರೆ, ಬದುಕಿದವರನ್ನು ಕಾಡುತ್ತಾರೆ. ಹೆಣ ಸಿಕ್ಕರೆ ಶವಪೆಟ್ಟಿಗೆಯಲ್ಲಿ ಇಟ್ಟು ಸಂಸ್ಕಾರ ಮಾಡಬಹುದು. ಹೊಳೆ ಎಳೆದುಕೊಂಡು ಹೋಗಿದ್ದರೆ ಅಥವಾ ಲಾವಾದಲ್ಲಿ ಕರಗಿ ಹೋಗಿದ್ದರೆ ಒಂದು ಕಲ್ಲಿನ ಚಪ್ಪಡಿಯ ಮೇಲೆ ಅವರ ಹೆಸರು ಕೆತ್ತಿಸಿ ನಿಲ್ಲಿಸಬೇಕು. ಕಲ್ಲು ನಿಂತ ಮೇಲೆ ದೆವ್ವ ಸುಮ್ಮನಾಗುತ್ತದೆ. ಈ ನಿಯಮವನ್ನು ಬರೆದವರು ಅಮೆರಿಕದ ಇಬ್ಬರು ಅಣ್ಣತಮ್ಮಂದಿರು. ಕರ್ನಾಟಕದ ವೀರಗಲ್ಲುಗಳ ಪಠ್ಯದ ಮೇಲೆ ಸಂಶೋಧನೆ ಮಾಡುತ್ತಿರುವ ನನ್ನನ್ನು ಈ ಆಟದ ಮುಂದೆ ಹಿಡಿದು ಕೂರಿಸಿದ್ದು ಇದೇ ನಿಯಮ.

ಇಲ್ಲಿ ನಾನು ಕೇಳಲು ಹೊರಟಿರುವ ಪ್ರಶ್ನೆ ನೇರವಾದದ್ದು. ಯಾರೂ ಬರೆಯದ ವಾಕ್ಯ ನಮ್ಮನ್ನು ಕಲಕಬಲ್ಲದೆ? ಕಲಕಿದರೆ ಅದಕ್ಕೆ ಕಾರಣ ಆ ವಾಕ್ಯವೋ, ಓದುತ್ತಿರುವ ನಾವೋ, ಅಥವಾ ಇವೆರಡರ ನಡುವೆ ಇನ್ನೇನಾದರೂ ಇದೆಯೋ? ಯಂತ್ರ ಬರೆದ ಗದ್ಯ ನಮ್ಮ ಮೊಬೈಲಿಗೂ ತರಗತಿಗೂ ಬಂದು ಕೂತಿರುವ ಈ ದಿನಗಳಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ತಂತ್ರಜ್ಞರಿಗೆ ಬಿಟ್ಟುಕೊಟ್ಟು ಕೂರುವಂತಿಲ್ಲ.

*

ಮೊದಲು ಆಟದ ಪರಿಚಯ. ಟಾರ್ನ್ ಆಡಮ್ಸ್ ಮತ್ತು ಝ್ಯಾಕ್ ಆಡಮ್ಸ್ ಎಂಬ ಸೋದರರು 2002ರಲ್ಲಿ ಇದರ ಕೆಲಸ ಶುರುಮಾಡಿದರು. 2006ರ ಆಗಸ್ಟ್‌ನಲ್ಲಿ ಮೊದಲ ಆವೃತ್ತಿ ಹೊರಬಂತು. ಟಾರ್ನ್ ಸ್ಟ್ಯಾನ್‌ಫರ್ಡ್‌ನಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ವಿಶ್ವವಿದ್ಯಾಲಯದ ದಾರಿ ಬಿಟ್ಟು ಪೂರ್ತಿಯಾಗಿ ಈ ಒಂದೇ ಆಟಕ್ಕೆ ಕೂತರು. ಹದಿನಾರು ವರ್ಷ ಅದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದಿತ್ತು. ಆಟಗಾರರು ಕಳಿಸಿದ ದೇಣಿಗೆಯಲ್ಲೇ ಸೋದರರ ಸಂಸಾರ ನಡೆಯುತ್ತಿತ್ತು. 2012ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮೊದಲ ಸಲ ವಿಡಿಯೋ ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ ಆರಿಸಿದ 14 ಆಟಗಳಲ್ಲಿ ಇದೂ ಒಂದು. 2022ರ ಡಿಸೆಂಬರಿನಲ್ಲಿ ಚಿತ್ರಗಳಿರುವ, ಹಣ ಕೊಟ್ಟು ಕೊಳ್ಳಬೇಕಾದ ಆವೃತ್ತಿ ಬಂತು. ಹಳೆಯ ಪಠ್ಯರೂಪವೂ ಉಳಿದುಕೊಂಡಿದೆ.

ಪಠ್ಯರೂಪ ಎಂದರೆ ಪರದೆಯ ಮೇಲೆ ಅಕ್ಷರಗಳು ಮಾತ್ರ. ಹಳೆಯ ಐಬಿಎಂ ಕಂಪ್ಯೂಟರುಗಳಲ್ಲಿದ್ದ 256 ಚಿಹ್ನೆಗಳ ಒಂದು ಪಟ್ಟಿ, ಅದಕ್ಕೆ ಹದಿನಾರು ಬಣ್ಣ. ಇಂಗ್ಲಿಷಿನ ಸಣ್ಣ 'ಡಿ' ಎಂದರೆ ನಾಯಿ, ದೊಡ್ಡ 'ಡಿ' ಎಂದರೆ ಡ್ರಾಗನ್. ಸಣ್ಣ 'ಸಿ' ಬೆಕ್ಕು. ದೊಡ್ಡ 'ಇ' ಆನೆ. ಅಕ್ಷರಮಾಲೆ ಕಲಿಯುವ ಮಗು ಚಿತ್ರ ನೋಡಿ ಅಕ್ಷರಕ್ಕೆ ಬರುತ್ತದೆ. ಈ ಆಟದಲ್ಲಿ ನಾವು ಅಕ್ಷರ ನೋಡಿ ಚಿತ್ರಕ್ಕೆ ಹೋಗಬೇಕು. ಕೆಲವು ದಿನ ಬರೀ ಗೊಂದಲ. ಆಮೇಲೊಂದು ದಿನ ಪರದೆಯ ಅಂಚಿನಲ್ಲಿ ದೊಡ್ಡ 'ಡಿ' ಕಂಡ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಆ ಹೊತ್ತಿಗೆ ನಾವು ನೋಡುವುದನ್ನು ಬಿಟ್ಟು ಓದಲು ಕಲಿತಿರುತ್ತೇವೆ.

ಆಟದ ಕೆಲಸ ರಾಜ್ಯಭಾರ. ಡ್ವಾರ್ಫ್ ಎಂದರೆ ಯೂರೋಪಿನ ಕಥೆಗಳಲ್ಲಿ ಬರುವ, ನೆಲದಡಿ ಅಗೆದು ಬದುಕುವ ಗಿಡ್ಡ ಜನ. ಅಂಥ ಏಳು ಮಂದಿ ಒಂದು ಗಾಡಿ ಸಾಮಾನಿನೊಂದಿಗೆ ಬೆಟ್ಟದ ಬುಡಕ್ಕೆ ಬರುತ್ತಾರೆ. ಎಲ್ಲಿ ಅಗೆಯಬೇಕು, ಏನು ಬೆಳೆಯಬೇಕು, ಯಾವ ಬಾಗಿಲಿಗೆ ಅಗುಳಿ ಹಾಕಬೇಕು ಎಂದು ನಾವು ಹೇಳುತ್ತೇವೆ. ಯಾರನ್ನೂ ಕೈ ಹಿಡಿದು ನಡೆಸುವಂತಿಲ್ಲ. ಅವರಿಗೆ ಹಸಿವಾದರೆ ಉಣ್ಣಲು ಹೋಗುತ್ತಾರೆ, ದುಃಖವಾದರೆ ಕೆಲಸ ಬಿಟ್ಟು ಕೂರುತ್ತಾರೆ, ಸಿಟ್ಟು ಬಂದರೆ ಪಕ್ಕದವನಿಗೆ ಹೊಡೆಯುತ್ತಾರೆ. ಕೋಟೆ ಇಂದಲ್ಲ ನಾಳೆ ಬೀಳುತ್ತದೆ. ಗೆಲುವು ಎಂಬುದು ಈ ಆಟದಲ್ಲಿ ಇಲ್ಲವೇ ಇಲ್ಲ. ಸೋಲುವುದೇ ಇದರ ಮಜಾ ಎಂಬುದು ಆಡುವವರ ನಡುವೆ ಗಾದೆಯಂತೆ ಚಾಲ್ತಿಯಲ್ಲಿದೆ.

ರಾಜ್ಯಭಾರದ ಪಠ್ಯ-ಆಟಕ್ಕೆ ಉದ್ದನೆಯ ವಂಶಾವಳಿಯೇ ಇದೆ. 1964ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಶಾಲಾ ಶಿಕ್ಷಕಿ ಮೇಬಲ್ ಆಡಿಸ್ ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸಲು 'ದ ಸುಮೇರಿಯನ್ ಗೇಮ್' ಬರೆದರು. ಪ್ರಾಚೀನ ಲಗಶ್ ನಗರದ ದೊರೆಯಾಗಿ ಎಷ್ಟು ಧಾನ್ಯ ಬಿತ್ತಬೇಕು, ಎಷ್ಟು ಜನರಿಗೆ ಹಂಚಬೇಕು, ಎಷ್ಟು ಕಣಜದಲ್ಲಿಡಬೇಕು ಎಂದು ಮಗು ಟೈಪ್ ಮಾಡಿ ಹೇಳಬೇಕು. ಯಂತ್ರ ಫಲಿತಾಂಶವನ್ನು ಕಾಗದದ ಮೇಲೆ ಅಚ್ಚು ಹಾಕುತ್ತಿತ್ತು. ಅದರ ಚಿಕ್ಕ ರೂಪವಾದ 'ಹಮುರಾಬಿ' 1970ರ ದಶಕದಲ್ಲಿ ಮನೆಮನೆಯ ಕಂಪ್ಯೂಟರಿಗೆ ಹಬ್ಬಿತು. ಈ ಎರಡರಲ್ಲೂ ಪ್ರಜೆಗಳು ಬರೀ ಸಂಖ್ಯೆ. ಹಸಿವಿನಿಂದ ಇಷ್ಟು ಮಂದಿ ಸತ್ತರು ಎಂದು ಯಂತ್ರ ಹೇಳುತ್ತದೆ, ಯಾರು ಎಂದು ಹೇಳುವುದಿಲ್ಲ. 'ಡ್ವಾರ್ಫ್ ಫೋರ್ಟ್ರೆಸ್' ಈ ಪರಂಪರೆಯಿಂದ ಬೇರೆಯಾಗುವುದು ಇಲ್ಲಿಯೇ. ಅದು ಸತ್ತ ಪ್ರತಿಯೊಬ್ಬರ ಹೆಸರನ್ನೂ ಹೇಳುತ್ತದೆ. ಅವರಿಗೆ ಯಾವ ಕಲ್ಲು ಇಷ್ಟವಿತ್ತು, ಯಾವ ಪ್ರಾಣಿಯನ್ನು ಕಂಡರೆ ಆಗುತ್ತಿರಲಿಲ್ಲ, ಯಾವ ದೇವರಿಗೆ ನಡೆದುಕೊಳ್ಳುತ್ತಿದ್ದರು, ಮಕ್ಕಳೆಷ್ಟು ಎಂಬುದನ್ನೂ ಹೇಳುತ್ತದೆ.

*

ಇನ್ನು ಪ್ರೊಸೀಜರಲ್ ಜನರೇಷನ್ ಎಂಬ ಮಾತಿಗೆ ಬರೋಣ. ಲೇಖಕರು ಕಥೆಯನ್ನು ಬರೆಯುವುದಿಲ್ಲ, ಕಥೆ ಹುಟ್ಟಬಹುದಾದ ನಿಯಮಗಳನ್ನು ಬರೆಯುತ್ತಾರೆ. ಉಳಿದದ್ದನ್ನು ಯಂತ್ರ ಪ್ರತಿಸಲವೂ ಹೊಸದಾಗಿ ಲೆಕ್ಕ ಹಾಕುತ್ತದೆ. ಆಟ ಶುರುವಾಗುವ ಮೊದಲು ಒಂದು ಲೋಕವೇ ಹುಟ್ಟಬೇಕು. ನೆಲದ ಎತ್ತರ ತಗ್ಗು, ಮಳೆ, ಉಷ್ಣತೆ, ನೀರು ಬಸಿಯುವ ಬಗೆ, ಜ್ವಾಲಾಮುಖಿಗಳು ಮೊದಲು ನಿಗದಿಯಾಗುತ್ತವೆ. ಅವುಗಳಿಂದ ಕಾಡು, ಮರಳುಗಾಡು, ಜೌಗು ಬರುತ್ತವೆ. ನದಿಗಳು ಬೆಟ್ಟವನ್ನು ಕೊರೆಯುತ್ತವೆ. ಆಮೇಲೆ ಜನ, ಊರು, ದೇವರು, ರಾಕ್ಷಸ ಪ್ರಾಣಿಗಳು. ಅನಂತರ ನಾವು ಹೇಳಿದಷ್ಟು ವರ್ಷಗಳ ಚರಿತ್ರೆ ಓಡುತ್ತದೆ. ಯುದ್ಧ, ಮದುವೆ, ವಲಸೆ, ದ್ರೋಹ, ಪಟ್ಟಾಭಿಷೇಕ ಎಲ್ಲವೂ ನಾವು ಬರುವುದಕ್ಕೆ ಮೊದಲೇ ನಡೆದು ಹೋಗಿರುತ್ತವೆ. ಆ ಚರಿತ್ರೆಯನ್ನು ಓದಲೆಂದೇ 'ಲೆಜೆಂಡ್ಸ್' ಎಂಬ ಒಂದು ವಿಭಾಗವಿದೆ. ಅಲ್ಲಿ ಆಡುವುದಕ್ಕೆ ಏನೂ ಇಲ್ಲ. ಬರೀ ಓದು.

ಅಲ್ಲಿನ ಗದ್ಯ ಒಣಕಲು. ಇಂಥ ವರ್ಷ, ಇಂಥ ಊರಿನಲ್ಲಿ, ಇಂಥವನು ಇಂಥವನನ್ನು ಕೊಂದ. ಇಂಥವಳು ಇಂಥ ಪಟ್ಟಕ್ಕೆ ಬಂದಳು. ಇಂಥವರು ಊರು ಬಿಟ್ಟು ಹೋದರು. ವಿಶೇಷಣ ಕಡಿಮೆ, ಉಪಮೆ ಇಲ್ಲ, ಮನಸ್ಸಿನೊಳಗೆ ಇಣುಕುವ ಮಾತಿಲ್ಲ. ಸಾವಿರಾರು ಸಾಲುಗಳು ಒಂದೇ ಎರಕದಲ್ಲಿ ಬಿದ್ದಿರುತ್ತವೆ. ಸಾಹಿತ್ಯವೆಂದರೆ ಶೈಲಿ ಎಂದು ನಂಬಿ ಬಂದವರಿಗೆ ಇಲ್ಲಿ ಓದಲು ಏನೂ ಸಿಗುವುದಿಲ್ಲ.

ಆದರೆ ಶಾಸನ ಓದುವವರಿಗೆ ಈ ಗದ್ಯ ಅಪರಿಚಿತವಲ್ಲ. ನಮ್ಮ ವೀರಗಲ್ಲುಗಳ ಬಹುಪಾಲು ಪಠ್ಯವೂ ಎರಕದ್ದೇ. ಯಾವ ರಾಜ ಆಳುತ್ತಿದ್ದ, ಯಾವ ವರ್ಷ, ಯಾವ ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದರು, ಯಾರ ಮಗ ಹೋರಾಡಿ ದನಗಳನ್ನು ಬಿಡಿಸಿ ಸತ್ತ, ಸ್ವರ್ಗಕ್ಕೆ ಹೋದ. ಚಿತ್ರವೂ ಎರಕದ್ದು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ದೇವರ ಸನ್ನಿಧಿ. ಒಂದು ತಾಲ್ಲೂಕಿನ ಇಪ್ಪತ್ತು ಕಲ್ಲುಗಳನ್ನು ಸಾಲಾಗಿ ಓದಿದರೆ ಮೊದಲು ಬೇಸರ ಬರುತ್ತದೆ. ಇಪ್ಪತ್ತೊಂದನೆಯ ಕಲ್ಲಿನಲ್ಲಿ ಎರಕವನ್ನು ಮೀರಿದ ಒಂದೇ ಒಂದು ವಿವರ ಕಾಣುತ್ತದೆ. ಕಲ್ಲು ನಿಲ್ಲಿಸಿದ್ದು ತಂದೆಯಲ್ಲ, ತಂಗಿ ಎಂದೋ, ಸತ್ತವನು ಕಾಯುತ್ತಿದ್ದದ್ದು ಇನ್ನೊಬ್ಬರ ದನ ಎಂದೋ. ಅಲ್ಲಿಗೆ ಓದು ನಿಂತುಬಿಡುತ್ತದೆ.

ಇಂಥ ವಿವರಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಹತ್ತನೆಯ ಶತಮಾನದ ನಡುಭಾಗದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧ, ರಾಜಾದಿತ್ಯನ ಸಾವು, ಗಂಗ ಬೂತುಗನಿಗೆ ಸಿಕ್ಕ ಪ್ರದೇಶಗಳು ಎಲ್ಲವೂ ಅದರಲ್ಲಿವೆ. ಸಾಮ್ರಾಜ್ಯಗಳ ಚರಿತ್ರೆ ಬರೆಯುವವರಿಗೆ ಬೇಕಾದದ್ದು ಅಷ್ಟೇ. ಆದರೆ ಕಲ್ಲು ನಿಂತಿರುವುದು ಕಾಳಿ ಎಂಬ ನಾಯಿಗಾಗಿ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ತನ್ನ ದೊರೆಯಿಂದ ಆ ನಾಯಿಯನ್ನು ಕೇಳಿ ಪಡೆದ. ಅದು ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಾಡಿತು. ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ಇಂದಿಗೂ ನಾಯಿ ಮತ್ತು ಹಂದಿ ಕಾದುತ್ತಲೇ ಇವೆ. ಶಾಸನ ಎಲ್ಲಿಯೂ ಮಣಲೇರ ಅತ್ತನೆಂದು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ.

'ಡ್ವಾರ್ಫ್ ಫೋರ್ಟ್ರೆಸ್' ಕೆಲಸ ಮಾಡುವುದು ಇದೇ ಬಗೆಯಲ್ಲಿ. ನನ್ನ ಒಂದು ಕೋಟೆಯಲ್ಲಿ ಊಟದ ಹಜಾರದ ಗೋಡೆಗಳಿಗೆ ಕೆತ್ತನೆ ಮಾಡಲು ಒಬ್ಬಳಿಗೆ ಹೇಳಿದ್ದೆ. ಏನು ಕೆತ್ತಬೇಕೆಂದು ಹೇಳಿರಲಿಲ್ಲ, ಅದು ಅವಳ ಪಾಲಿನ ಕೆಲಸ. ಮೊದಲ ಚೌಕದಲ್ಲಿ ನೂರು ವರ್ಷ ಹಿಂದಿನ, ಯಾರಿಗೂ ನೆನಪಿಲ್ಲದ ಒಂದು ಪಟ್ಟಾಭಿಷೇಕ. ಎರಡನೆಯದರಲ್ಲಿ ಅವಳಿಗೆ ಇಷ್ಟವಾದ ಒಂದು ಬಗೆಯ ಗಿಣ್ಣು. ಮೂರನೆಯದರಲ್ಲಿ ಹಿಂದಿನ ಬೇಸಿಗೆಯಲ್ಲಿ ಕೋಟೆಯ ಹೊರಗೆ ಮರ ಕಡಿಯಲು ಹೋಗಿ ಗಾಬ್ಲಿನ್‌ಗಳ ಕೈಗೆ ಸಿಕ್ಕು ಸತ್ತ ನಮ್ಮ ಸೌದೆಯವನು. ಕೊಲ್ಲುತ್ತಿರುವ ಗಾಬ್ಲಿನ್ ಮೇಲೆ, ಇವನು ಕೆಳಗೆ. ಬಾಗಿಲು ಮುಚ್ಚಲು ಹೇಳಿದ್ದು ನಾನು. ಕೆತ್ತಿದವಳಿಗೆ ಆ ಸೌದೆಯವನು ಏನಾಗಬೇಕಿತ್ತು ಎಂದು ನೋಡಿದೆ. ಏನೂ ಇಲ್ಲ. ಒಂದೇ ಹಜಾರದಲ್ಲಿ ಉಣ್ಣುತ್ತಿದ್ದರು, ಅಷ್ಟೆ. ಆ ಮೂರು ಚೌಕಗಳ ಸಾಲು ಒಂದು ಒಳ್ಳೆಯ ಸಣ್ಣಕಥೆಯ ಹಾಗಿತ್ತು: ಮರೆತು ಹೋದ ರಾಜ, ಒಂದು ತುಂಡು ಗಿಣ್ಣು, ಬಾಗಿಲಾಚೆಯ ಸಾವು.

ಇನ್ನೊಂದು ಸಂಗತಿಯನ್ನು ರಸಸಿದ್ಧಾಂತ ಓದಿದವರು ಗಮನಿಸಬೇಕು. ಆ ಹಜಾರದಲ್ಲಿ ಉಣ್ಣಲು ಬಂದವರೆಲ್ಲ ಗೋಡೆಯ ಕೆತ್ತನೆ ನೋಡಿ ಸಂತೋಷಪಟ್ಟರು ಎಂದು ಆಟ ದಾಖಲಿಸಿತು. ಕೆತ್ತಿರುವುದು ಸಾವನ್ನೋ ಗಿಣ್ಣನ್ನೋ ಎಂಬುದನ್ನು ಅದು ಲೆಕ್ಕಕ್ಕೆ ಹಿಡಿದಂತೆ ಕಾಣಲಿಲ್ಲ, ಕುಸುರಿ ಚೆನ್ನಾಗಿದ್ದರೆ ಸಾಕು. ದುಃಖದ ಚಿತ್ರ ಸುಖ ಕೊಡುವುದು ಹೇಗೆ ಎಂದು ನಮ್ಮ ಮೀಮಾಂಸಕರು ಶತಮಾನಗಳ ಕಾಲ ತಲೆ ಕೆಡಿಸಿಕೊಂಡರು. ಆಟ ಆ ಪ್ರಶ್ನೆಯನ್ನು ಬಿಡಿಸಿಲ್ಲ, ತನಗೆ ಗೊತ್ತಿಲ್ಲದೆಯೇ ಅದನ್ನು ಗೋಡೆಯ ಮೇಲೆ ಬಿಟ್ಟುಹೋಗಿದೆ.

*

ಈ ಆಟದಲ್ಲಿ ನನಗೆ ಅತ್ಯಂತ ವಿಚಿತ್ರವಾಗಿ ಕಂಡದ್ದು ಅದರ ಕಾವ್ಯ. 2015ರ ಡಿಸೆಂಬರಿನ ಆವೃತ್ತಿಯಿಂದ ಕೋಟೆಗಳಲ್ಲಿ ಪಾನಗೃಹ, ಗ್ರಂಥಾಲಯಗಳು ಬಂದವು. ಅವುಗಳ ಜತೆಗೆ ಹಾಡು, ಕುಣಿತ, ಪದ್ಯ ಬಂದವು. ಯಂತ್ರ ಪ್ರತಿ ನಾಡಿಗೂ ಬೇರೆಬೇರೆ ಕಾವ್ಯಪ್ರಕಾರಗಳನ್ನು ಹುಟ್ಟಿಸುತ್ತದೆ. ಈ ಪ್ರಕಾರದಲ್ಲಿ ಸಾಲುಗಳು ಇಷ್ಟು, ಗಣಗಳ ಜೋಡಣೆ ಹೀಗೆ, ಪ್ರಾಸ ಇಲ್ಲಿ, ಇದನ್ನು ಸತ್ತವರ ನೆನಪಿಗೆ ಹೇಳಬೇಕು ಅಥವಾ ಇನ್ನೊಬ್ಬರನ್ನು ಗೇಲಿ ಮಾಡಲು ಹೇಳಬೇಕು ಎಂದು ವಿವರವಾಗಿ ಬರೆಯುತ್ತದೆ. ಡ್ವಾರ್ಫ್‌ಗಳು ಆ ಪ್ರಕಾರದಲ್ಲಿ ಪದ್ಯ ಕಟ್ಟುತ್ತಾರೆ. ಇನ್ನೊಬ್ಬರು ಕೇಳಿ ಮೆಚ್ಚುತ್ತಾರೆ. ಪದ್ಯಕ್ಕೆ ಶೀರ್ಷಿಕೆಯೂ ಇರುತ್ತದೆ. ಪದ್ಯ ಮಾತ್ರ ಇರುವುದಿಲ್ಲ. ಒಂದು ಸಾಲೂ ನಮಗೆ ಸಿಗುವುದಿಲ್ಲ.

ಲಕ್ಷಣವಿದೆ, ಲಕ್ಷ್ಯವಿಲ್ಲ. ಇದನ್ನು ಯಂತ್ರದ ಬಡತನ ಎಂದು ನಕ್ಕು ಬಿಡಬಹುದು. ಆದರೆ ಕನ್ನಡದವರು ಅಷ್ಟು ಸಲೀಸಾಗಿ ನಗುವಂತಿಲ್ಲ. ನಮಗೆ ಉಳಿದು ಬಂದ ಮೊದಲ ಗ್ರಂಥ 'ಕವಿರಾಜಮಾರ್ಗ' ಕಾವ್ಯವಲ್ಲ, ಕಾವ್ಯ ಹೇಗಿರಬೇಕೆಂದು ಹೇಳುವ ಲಕ್ಷಣಗ್ರಂಥ. ಅದು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯಕಾರರ ಹೆಸರು ಹೇಳುತ್ತದೆ. ಅವರ ಕನ್ನಡ ಗದ್ಯದ ಒಂದು ಪುಟವೂ ನಮ್ಮ ಕೈಯಲ್ಲಿಲ್ಲ. ಬೆದಂಡೆ, ಚತ್ತಾಣ ಎಂಬ ಪ್ರಕಾರಗಳ ಲಕ್ಷಣವನ್ನು ಹೇಳುತ್ತದೆ. ಆ ಪ್ರಕಾರಗಳ ಕಾವ್ಯ ನಮಗೆ ಬಂದಿಲ್ಲ. ಒಂದು ಹೆಸರು, ಒಂದು ಪ್ರಕಾರದ ವಿವರಣೆ ಇಷ್ಟನ್ನೇ ಹಿಡಿದುಕೊಂಡು ಒಂಬತ್ತನೆಯ ಶತಮಾನಕ್ಕೂ ಹಿಂದೆ ಒಂದು ಸಾಹಿತ್ಯಲೋಕವಿತ್ತು ಎಂದು ನಾವು ನಂಬಿದ್ದೇವೆ, ಅದರ ಬಗ್ಗೆ ಹೆಮ್ಮೆ ಪಟ್ಟಿದ್ದೇವೆ, ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದಿದ್ದೇವೆ.

ಇವೆರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ದುರ್ವಿನೀತನ ಗದ್ಯ ಇತ್ತು, ಕಳೆದುಹೋಯಿತು. ಡ್ವಾರ್ಫ್‌ನ ಪದ್ಯ ಎಂದೂ ಇರಲಿಲ್ಲ. ವ್ಯತ್ಯಾಸ ದೊಡ್ಡದು. ಆದರೆ ಓದುವ ಮನಸ್ಸು ಎರಡೂ ಕಡೆ ಮಾಡುವ ಕೆಲಸದಲ್ಲಿ ಹೋಲಿಕೆಯಿದೆ. ಇಲ್ಲದ ಪಠ್ಯದ ಸುತ್ತ ಒಂದು ಖಾಲಿ ಜಾಗವನ್ನು ಕಾಪಾಡಿಕೊಳ್ಳುವುದು, ಅಲ್ಲಿ ಏನೋ ಇತ್ತು ಎಂಬ ಮರ್ಯಾದೆಯಿಂದ ನಡೆದುಕೊಳ್ಳುವುದು. ಸೋದರರು ಅಲ್ಲಿ ಒಂದಷ್ಟು ಕಳಪೆ ಪದ್ಯಗಳನ್ನು ತುಂಬಿದ್ದರೆ ಈ ಲೋಕ ಚಿಕ್ಕದಾಗುತ್ತಿತ್ತು. ಬರೆಯಲಾಗದ್ದನ್ನು ಬರೆಯದೆ ಬಿಟ್ಟದ್ದು ಒಳ್ಳೆಯ ಸಾಹಿತ್ಯಿಕ ನಿರ್ಧಾರ.

*

ಹಾಗಾದರೆ ಲೇಖಕ ಯಾರು? ಆಡಮ್ಸ್ ಸೋದರರ ಕೆಲಸದ ಕ್ರಮ ಕುತೂಹಲಕರವಾಗಿದೆ. ಝ್ಯಾಕ್ ಮೊದಲು ಸಣ್ಣ ಕಥೆಗಳನ್ನು ಬರೆಯುತ್ತಾರೆ. ಆಮೇಲೆ ಇಬ್ಬರೂ ಕೂತು ಆ ಕಥೆಯನ್ನು ಬಿಡಿಸುತ್ತಾರೆ. ಇಂಥ ಘಟನೆ ತಾನಾಗಿ ನಡೆಯಬೇಕಾದರೆ ಲೋಕದಲ್ಲಿ ಏನೇನಿರಬೇಕು? ಸೇಡು ಬೇಕಾದರೆ ನೆನಪು ಬೇಕು, ನೆನಪಿಗೆ ಸಂಬಂಧ ಬೇಕು. ಹೀಗೆ ಪಟ್ಟಿ ಮಾಡಿ, ಟಾರ್ನ್ ಅದನ್ನು ನಿಯಮಗಳಾಗಿ ಬರೆಯುತ್ತಾರೆ. ಕಥೆಯನ್ನು ಒಡೆದು ಅದರ ಕಾರಣಗಳನ್ನು ಮಾತ್ರ ಉಳಿಸಿಕೊಳ್ಳುವುದು. ವಿಮರ್ಶಕ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಅವನು ಕಥೆ ಮುಗಿದ ಮೇಲೆ ಮಾಡುತ್ತಾನೆ, ಇವರು ಕಥೆ ಹುಟ್ಟುವ ಮೊದಲು ಮಾಡುತ್ತಾರೆ.

ನಿಯಮಗಳು ಬರೆದವರ ಕೈ ಮೀರುತ್ತವೆ. ಪಾನಗೃಹಗಳು ಬಂದ ಅದೇ ಆವೃತ್ತಿಯಲ್ಲಿ ಬೆಕ್ಕುಗಳು ಸಾಯತೊಡಗಿದವು. ಹುಡುಕಿದಾಗ ಸಿಕ್ಕ ಕಾರಣ ಹೀಗಿತ್ತು: ಕುಡಿಯುವವರು ನೆಲದ ಮೇಲೆ ಮದ್ಯ ಚೆಲ್ಲುತ್ತಾರೆ. ಬೆಕ್ಕು ಅದರ ಮೇಲೆ ನಡೆದಾಗ ಕಾಲಿಗೆ ಮದ್ಯ ಅಂಟುತ್ತದೆ. ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ. ಅಂಟಿದ ಒಂದೊಂದು ಹನಿಯನ್ನೂ ಯಂತ್ರ ಪೂರ್ತಿ ಒಂದು ಲೋಟ ಎಂದು ಲೆಕ್ಕ ಹಾಕುತ್ತದೆ. ಸಣ್ಣ ಪ್ರಾಣಿ, ಅಷ್ಟು ಮದ್ಯ, ಸಾವು. ಬೆಕ್ಕುಗಳು ಕುಡಿದು ಸಾಯಬೇಕೆಂದು ಯಾರೂ ಬರೆದಿರಲಿಲ್ಲ. ಚೆಲ್ಲುವುದು, ಅಂಟುವುದು, ನೆಕ್ಕುವುದು, ಅಮಲೇರುವುದು ಎಂಬ ನಾಲ್ಕು ನಿಯಮಗಳನ್ನು ಬೇರೆಬೇರೆ ಕಾರಣಕ್ಕೆ ಬರೆದಿದ್ದರು. ಅವು ಒಂದು ಕೋಣೆಯಲ್ಲಿ ಸೇರಿದವು.

ಓದುವವರ ಪಾಲೂ ಸಣ್ಣದಲ್ಲ. 'ಬೋಟ್‌ಮರ್ಡರ್ಡ್' ಎಂಬ ಕೋಟೆಯ ಕಥೆ ಆಟ ಬಂದ ಮೊದಲ ವರ್ಷವೇ ಪ್ರಸಿದ್ಧವಾಯಿತು. ಹಲವರು ಸರದಿಯ ಮೇಲೆ ಒಂದೊಂದು ವರ್ಷ ಆ ಕೋಟೆಯನ್ನು ಆಳಿ, ತಮ್ಮ ಆಳ್ವಿಕೆಯ ವರದಿಯನ್ನು ಬರೆದು ಮುಂದಿನವರಿಗೆ ಒಪ್ಪಿಸಿದರು. ಹೊರಗೆ ಕೊಲ್ಲುವ ಆನೆಗಳ ಹಿಂಡು, ಒಳಗೆ ಹಿಂದಿನವರು ಬಿಟ್ಟುಹೋದ ಗೊತ್ತುಗುರಿಯಿಲ್ಲದ ಸನ್ನೆಕೋಲುಗಳು, ಕೊನೆಗೆ ಲಾವಾ ಮತ್ತು ಬೆಂಕಿ. ಆಟ ಅವರಿಗೆ ಕೊಟ್ಟದ್ದು ಒಣ ದಾಖಲೆ. ಅದರಿಂದ ನಗೆಯನ್ನೂ ಭಯವನ್ನೂ ಕಟ್ಟಿದವರು ಆಡಿದವರು. ತಾಳಮದ್ದಳೆಯ ಪ್ರಸಂಗಪದ್ಯ ಮತ್ತು ಅರ್ಥಧಾರಿಯ ಮಾತಿನ ನಡುವೆ ಇರುವ ಸಂಬಂಧ ನೆನಪಾಗುತ್ತದೆ. ಪದ್ಯ ಚೌಕಟ್ಟು ಹಾಕುತ್ತದೆ, ಆ ರಾತ್ರಿಯ ಮಾತು ಮಾತನಾಡುವವನದು. ಆದರೂ ಚೌಕಟ್ಟು ಇಲ್ಲದಿದ್ದರೆ ಮಾತು ಹುಟ್ಟುವುದಿಲ್ಲ.

*

ಇದಕ್ಕೆ ಬರುವ ಮುಖ್ಯ ಆಕ್ಷೇಪಣೆ ಎಂದರೆ, ಇದೆಲ್ಲ ಮೋಡದಲ್ಲಿ ಆನೆ ಕಂಡಂತೆ, ಅರ್ಥವನ್ನು ನೀವೇ ತುಂಬುತ್ತಿದ್ದೀರಿ ಎಂಬುದು. ಭಾಗಶಃ ನಿಜ. ಆದರೆ ಮೋಡದ ಆನೆಗೂ ನನ್ನ ಸೌದೆಯವನಿಗೂ ವ್ಯತ್ಯಾಸವಿದೆ. ಮೋಡಕ್ಕೆ ನಿನ್ನೆ ಇರುವುದಿಲ್ಲ. ಸೌದೆಯವನು ಮೂರು ವರ್ಷ ಆ ಕೋಟೆಯಲ್ಲಿದ್ದ. ಅವನು ಕಡಿದ ಮರದ ಮಂಚಗಳಲ್ಲಿ ಉಳಿದವರು ಮಲಗುತ್ತಿದ್ದರು. ಅವನು ಸತ್ತ ದಿನ ನಾನು ಬಾಗಿಲು ಮುಚ್ಚಿಸಿದ್ದರಿಂದ ಉಳಿದವರು ಬದುಕಿದರು. ಇದನ್ನೆಲ್ಲ ನಾನು ಊಹಿಸಿದ್ದಲ್ಲ, ಲೋಕದಲ್ಲಿ ಲೆಕ್ಕವಾಗಿ ಉಳಿದದ್ದು. ನಾನು ತುಂಬಿದ್ದು ದುಃಖವನ್ನು ಮಾತ್ರ. ವೀರಗಲ್ಲಿನ ಮುಂದೆಯೂ ನಾವು ತುಂಬುವುದು ಅದನ್ನೇ.

ಎರಡನೆಯ ಆಕ್ಷೇಪಣೆ ನನ್ನದೇ. ಈ ಲೋಕದಲ್ಲಿ ಹುಟ್ಟು ಬಹಳಷ್ಟನ್ನು ನಿರ್ಧರಿಸುತ್ತದೆ. ಗಾಬ್ಲಿನ್ ಆಗಿ ಹುಟ್ಟಿದವರ ಸ್ವಭಾವ ಕ್ರೌರ್ಯದ ಕಡೆಗೆ ವಾಲಿರುವಂತೆ ಕಡತಗಳಲ್ಲಿ ಮೊದಲೇ ಬರೆದಿಡಲಾಗಿದೆ. ಇಂಗ್ಲಿಷ್ ಫ್ಯಾಂಟಸಿಯ ಹಳೆಯ ರೋಗ ಇದು: ಜನಾಂಗಕ್ಕೊಂದು ಗುಣ, ಗುಣಕ್ಕೊಂದು ಹಣೆಪಟ್ಟಿ. ಚರ್ಮ, ಕೊಬ್ಬು, ಸ್ನಾಯು, ಮೂಳೆಗಳನ್ನು ಪದರಪದರವಾಗಿ ಲೆಕ್ಕ ಹಾಕುವ ಆಟ ಈ ವಿಷಯದಲ್ಲಿ ಇಷ್ಟು ಸೋಮಾರಿಯಾದದ್ದು ಸಣ್ಣ ದೋಷವಲ್ಲ. ಹುಟ್ಟಿನಿಂದ ಗುಣ ಎಂಬ ಮಾತಿನ ಬೆಲೆ ಏನೆಂದು ಬಲ್ಲ ಸಮಾಜದಿಂದ ಬಂದ ನಾವು ಇದನ್ನು ಮನರಂಜನೆಯ ರಿಯಾಯಿತಿಯಲ್ಲಿ ಬಿಟ್ಟುಕೊಡಬಾರದು.

ಆದರೆ ಇಲ್ಲಿಯೂ ನಿಯಮಗಳು ತಮ್ಮದೇ ದಾರಿ ಹಿಡಿಯುತ್ತವೆ. ಸ್ವಭಾವ ಹುಟ್ಟಿನಿಂದ ಬಂದರೂ ಧರ್ಮಾಧರ್ಮದ ತೀರ್ಮಾನ ನಾಡಿನಿಂದ ಬರುತ್ತದೆ. ಕೊಲೆ, ಕಳವು, ಗುಲಾಮಗಿರಿಯ ಬಗ್ಗೆ ಒಬ್ಬ ವ್ಯಕ್ತಿ ಏನೆಂದುಕೊಳ್ಳುತ್ತಾನೆ ಎಂಬುದು ಅವನು ಬೆಳೆದ ಸಮಾಜದ್ದು. ಗಾಬ್ಲಿನ್‌ಗಳು ಬೇರೆ ನಾಡಿನ ಮಕ್ಕಳನ್ನು ಕದ್ದೊಯ್ಯುತ್ತಾರೆ. ಆ ಮಕ್ಕಳು ಅಲ್ಲಿ ಬೆಳೆಯುತ್ತಾರೆ, ಅಲ್ಲಿಯವರಾಗುತ್ತಾರೆ. ಕೋಟೆಗೆ ಮುತ್ತಿಗೆ ಹಾಕಲು ಬಂದ ಪಡೆಯಲ್ಲಿ ಡ್ವಾರ್ಫ್ ಹೆಸರಿನವನು ಒಬ್ಬ ಕಾಣಿಸಿಕೊಳ್ಳಬಹುದು. ಲೆಜೆಂಡ್ಸ್ ತೆಗೆದು ನೋಡಿದರೆ ಬಾಲ್ಯದಲ್ಲಿ ಕದ್ದೊಯ್ದದ್ದು ಒಂದೇ ಸಾಲಿನಲ್ಲಿ ಇರುತ್ತದೆ. ಶತ್ರು ಎಂಬ ಪದ ಆ ಸಾಲಿನಲ್ಲಿ ಬಿರುಕು ಬಿಡುತ್ತದೆ. ಸೋದರರ ಕಡತ ಹೇಳುವುದಕ್ಕಿಂತ ಅವರ ಲೋಕ ಹೇಳುವುದು ಜಾಸ್ತಿ ವಿವೇಕದ್ದು.

ಮೂರನೆಯದು ಆಳುವವರ ಕಣ್ಣಿನ ಪ್ರಶ್ನೆ. ಆಡುವವರಿಗೆ ಕೋಟೆಯೊಳಗೆ ದೇಹವಿಲ್ಲ, ಹೆಸರಿಲ್ಲ, ಹಸಿವಿಲ್ಲ. ಬಾಗಿಲು ಮುಚ್ಚು ಎಂದವರು ಯಾರೆಂದು ಯಾವ ಗೋಡೆಯ ಮೇಲೂ ಕೆತ್ತನೆಯಾಗುವುದಿಲ್ಲ. ಸತ್ತವರ ಹೆಸರನ್ನೆಲ್ಲ ಇಟ್ಟುಕೊಳ್ಳುವ ದಾಖಲೆ ಸಾವಿಗೆ ಕಾರಣವಾದ ಆಜ್ಞೆಯನ್ನು ಬಿಟ್ಟುಬಿಡುತ್ತದೆ. ಶಾಸನಗಳಲ್ಲಿ ಇದು ತಿರುಗಾಮುರುಗಾ: ರಾಜನ ಬಿರುದುಗಳು ಅರ್ಧ ಕಲ್ಲು ತುಂಬುತ್ತವೆ, ಸತ್ತವನಿಗೆ ಕೊನೆಯ ಎರಡು ಸಾಲು. ಎರಡರಲ್ಲೂ ಆಳುವವನನ್ನು ಕೇಳುವವರಿಲ್ಲ.

*

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಈಚೆಗೆ ನಾವು ಓದುತ್ತಿರುವ ಯಂತ್ರಗದ್ಯಕ್ಕೂ ಈ ಆಟದ ಗದ್ಯಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಸ್ಪಷ್ಟವಾಗಿ ಗುರುತಿಸಿಕೊಳ್ಳಬೇಕು. ಭಾಷಾಮಾದರಿಗಳು ಕೋಟ್ಯಂತರ ವಾಕ್ಯಗಳಿಂದ ವಾಕ್ಯ ಕಟ್ಟುವುದನ್ನು ಕಲಿತಿವೆ. ಅವು ಬರೆದ ಗದ್ಯ ನಯವಾಗಿರುತ್ತದೆ. ಒಬ್ಬ ಸೌದೆಯವನ ಸಾವನ್ನು ಬರೆ ಎಂದರೆ ಕಣ್ಣೀರು ತರಿಸುವ ಹಾಗೆ ಬರೆಯಬಲ್ಲವು. ಆದರೆ ಆ ವಾಕ್ಯದ ಹಿಂದೆ ಯಾರೂ ಸತ್ತಿರುವುದಿಲ್ಲ, ಆಟದ ಮಟ್ಟಿಗೂ ಸತ್ತಿರುವುದಿಲ್ಲ. ಮರ ಇರುವುದಿಲ್ಲ, ಬಾಗಿಲು ಇರುವುದಿಲ್ಲ. ವಾಕ್ಯ ಅಳಿಸಿದರೆ ಏನೂ ಉಳಿಯುವುದಿಲ್ಲ.

'ಡ್ವಾರ್ಫ್ ಫೋರ್ಟ್ರೆಸ್' ಇದಕ್ಕೆ ತದ್ವಿರುದ್ಧ. ಅದರ ವಾಕ್ಯ ಕುಂಟು, ಅದರ ಲೋಕ ಗಟ್ಟಿ. ವಾಕ್ಯ ಅಳಿಸಿದರೂ ಹೆಣ ಅಲ್ಲೇ ಬಿದ್ದಿರುತ್ತದೆ, ಮಂಚ ಖಾಲಿಯಾಗಿರುತ್ತದೆ, ಮಗ ಊಟ ಬಿಟ್ಟಿರುತ್ತಾನೆ. ವಾಕ್ಯ ಸುಳ್ಳು ಹೇಳಿದರೆ ಹೋಗಿ ನೋಡಿ ಹಿಡಿಯಬಹುದು. ತನ್ನಾಚೆ ಇರುವ ಏನೋ ಒಂದಕ್ಕೆ ಉತ್ತರ ಕೊಡಬೇಕಾದ ಹೊಣೆ ಆ ವಾಕ್ಯಕ್ಕಿದೆ. ನನ್ನನ್ನು ಕಲಕುವುದು ವಾಕ್ಯವೂ ಅಲ್ಲ, ಕೇವಲ ನನ್ನ ಕಲ್ಪನೆಯೂ ಅಲ್ಲ, ಈ ಹೊಣೆ. ಶಾಸನ ಓದುವಾಗಲೂ ಹಾಗೆಯೇ. ಕಲ್ಲು ಕೆತ್ತಿದವನ ಭಾಷೆ ಎರಕದ್ದಾಗಿರಬಹುದು, ಒತ್ತು ಕೊಂಬು ತಪ್ಪಿರಬಹುದು. ಆದರೆ ಆ ಊರಿನಲ್ಲಿ ದನಗಳಿದ್ದವು, ಒಬ್ಬ ಹೋದ, ಹಿಂದಿರುಗಲಿಲ್ಲ.

ಸಾಹಿತ್ಯ ಎಂದರೆ ಇಷ್ಟೇ ಎಂದು ಇದರಿಂದ ತೀರ್ಮಾನಿಸಲಾಗದು. ಲೋಕವೊಂದೇ ಸಾಲದು, ನುಡಿಯೂ ಬೇಕು. ಪಂಪನನ್ನು ನಾವು ಓದುವುದು ಅರಿಕೇಸರಿಯ ವರದಿಗಾಗಿ ಅಲ್ಲ. ಆದರೆ ನುಡಿಯ ನಯ ಇಷ್ಟು ಅಗ್ಗವಾಗಿರುವ ಕಾಲದಲ್ಲಿ ವಿಮರ್ಶೆಯ ಮೊದಲ ಪ್ರಶ್ನೆಯೇ ಬದಲಾಗಬೇಕಾಗಿದೆ ಎಂದು ನನಗನ್ನಿಸುತ್ತದೆ. ಇದು ಚೆನ್ನಾಗಿದೆಯೇ ಎಂದು ಕೇಳುವ ಮೊದಲು ಇದು ಯಾವುದಕ್ಕೆ ಉತ್ತರ ಕೊಡುತ್ತಿದೆ ಎಂದು ಕೇಳಬೇಕು. ಒಂದು ಕವಿತೆಯನ್ನೂ, ಒಂದು ಪತ್ರಿಕಾ ವರದಿಯನ್ನೂ, ನಮ್ಮದೇ ಸಂಶೋಧನಾ ಪ್ರಬಂಧವನ್ನೂ ಹಾಗೆ ಕೇಳಬಹುದು. ಕೆಲವಕ್ಕೆ ಉತ್ತರ ಕೊಡಲು ಕಷ್ಟವಾಗುತ್ತದೆ. ಇಪ್ಪತ್ತು ವರ್ಷದಿಂದ ಅಪೂರ್ಣವಾಗಿಯೇ ಬೆಳೆಯುತ್ತಿರುವ, ಪದ್ಯ ಬರೆಯಲು ಬಾರದ, ಬೆಕ್ಕುಗಳನ್ನು ಅಪ್ಪಿತಪ್ಪಿ ಕೊಂದ ಒಂದು ಆಟ ಮಾತ್ರ ಆ ಪ್ರಶ್ನೆಗೆ ಸಲೀಸಾಗಿ ಉತ್ತರಿಸುತ್ತದೆ: ಇಲ್ಲಿ ಒಬ್ಬ ಸತ್ತ, ಇದು ಅವನ ಹೆಸರು, ಇದು ಅವನ ಕಲ್ಲು.